ದೊಡ್ಡಪ್ಪನ ಹಾಲಿನ ಸೈಕಲ್‌ಗೆ ಹಬ್ ಮೋಟರ್ ಕೂರಿಸಿದ್ದು

ಸಾಗರದಲ್ಲಿ ನನ್ನದು ಮೋಟರ್ ವೈಂಡಿಂಗ್ ಅಂಗಡಿ. 19 ವರ್ಷದಿಂದ ತೋಟದ ಪಂಪ್‌ಸೆಟ್, ಮಿಕ್ಸಿ, ಗ್ರೈಂಡರ್, ಸೀಲಿಂಗ್ ಫ್ಯಾನ್ ಬಿಚ್ಚಿ, ಸುಟ್ಟ ತಂತಿ ಕಿತ್ತು ಹೊಸದು ಸುತ್ತುತ್ತಾ ಬಂದಿದ್ದೇನೆ. ಚಕ್ರದೊಳಗೆ ಕೂರುವ ಮೋಟರ್ ನನ್ನ ಕೈಗೆ ಬಂದದ್ದು ದೊಡ್ಡಪ್ಪನಿಂದ.

ದೊಡ್ಡಪ್ಪನ ಮನೆ ಅಡಿಕೆ ತೋಟದ ಕೆಳಗೆ, ಹಳ್ಳದ ಪಕ್ಕ. ಹಾಲಿನ ಡೈರಿ ಮೇಲೆ ಟಾರು ರಸ್ತೆಯಲ್ಲಿ. ನಡುವೆ ಅರ್ಧ ಕಿಲೋಮೀಟರ್ ಏರು. ದಿನಾ ಬೆಳಗ್ಗೆ 28 ಇಂಚಿನ ಹಳೇ ಸೈಕಲ್‌ಗೆ ಎರಡು ಕ್ಯಾನ್ ನೇತುಹಾಕಿ, ಏರು ಬಂದಾಗ ಇಳಿದು ತಳ್ಳುತ್ತಿದ್ದರು. ಮಂಡಿ ನೋವು ಶುರುವಾದ ಮೇಲೆ ಒಂದು ದಿನ ಅಂಗಡಿಗೆ ಬಂದು ಕೂತರು.

"ಊರಿನವರ ಮೋಟರೆಲ್ಲಾ ನೀನೇ ಸುತ್ತೋದಲ್ವಾ. ನನ್ನ ಸೈಕಲ್ಲಿಗೂ ಒಂದು ಕೂರಿಸಿಕೊಡು ಮಾರಾಯ."

36 ವೋಲ್ಟ್, 250 ವ್ಯಾಟ್‌ನ ಹಬ್ ಮೋಟರ್ ಕಿಟ್ ತರಿಸಿದೆ. ಹಿಂದಿನ ಚಕ್ರಕ್ಕೆ ಹಾಕುವಂಥದ್ದು, ಒಳಗೆ ಗೇರ್ ಇಲ್ಲದ್ದು. 250 ವ್ಯಾಟ್ ಅಂತ ಹಟ ಹಿಡಿದದ್ದಕ್ಕೆ ಕಾರಣ ಕಾನೂನು. ಮೋಟರ್ 250 ವ್ಯಾಟ್ ಮೀರದೆ, ವೇಗ ಗಂಟೆಗೆ 25 ಕಿಲೋಮೀಟರ್ ಮೀರದೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ದಾಟದೆ ಇದ್ದರೆ ಅದು ಮೋಟಾರು ವಾಹನದ ಲೆಕ್ಕಕ್ಕೆ ಬರುವುದಿಲ್ಲ. ದೊಡ್ಡಪ್ಪನಿಗೆ ಈ ವಯಸ್ಸಲ್ಲಿ ಲೈಸೆನ್ಸ್ ಮಾಡಿಸುವ ತಾಪತ್ರಯ ಬೇಡ ಅನ್ನಿಸಿತು.

ಹೊಸ ಮೋಟರ್ ಬಂದರೆ ಒಳಗೆ ನೋಡದೆ ನನಗೆ ಸಮಾಧಾನ ಇಲ್ಲ. ಬಿಚ್ಚಿದೆ. ಇದನ್ನು ನೀವೂ ಮಾಡುವುದಿದ್ದರೆ ಬೇರಿಂಗ್ ಪುಲ್ಲರ್ ಹಾಕಿಯೇ ಮಾಡಿ. ಸ್ಟೇಟರನ್ನು, ಅಂದರೆ ತಂತಿ ಸುತ್ತಿದ ನಡುವಿನ ಭಾಗವನ್ನು, ಅರ್ಧ ಎಳೆದಿರುವಾಗ ಮ್ಯಾಗ್ನೆಟ್ ಅದನ್ನು ಫಟ್ಟನೆ ವಾಪಸ್ ಎಳೆದುಕೊಳ್ಳುತ್ತದೆ. ಮಧ್ಯೆ ಬೆರಳು ಸಿಕ್ಕರೆ ಜಜ್ಜಿಹೋಗುತ್ತದೆ.

ಒಳಗೆ ಕಂಡದ್ದು ನನಗೆ ತೀರಾ ಪರಿಚಯದ್ದು. ನಿಮ್ಮ ತಲೆ ಮೇಲೆ ತಿರುಗುವ ಸೀಲಿಂಗ್ ಫ್ಯಾನ್ ಇದೆಯಲ್ಲ, ಹೆಚ್ಚುಕಡಿಮೆ ಅದೇ ಜೋಡಣೆ. ಪಂಪ್‌ಸೆಟ್‌ನಲ್ಲಿ ಬಾಡಿ ನಿಂತಿರುತ್ತದೆ, ಶಾಫ್ಟ್ ತಿರುಗುತ್ತದೆ. ಫ್ಯಾನಿನಲ್ಲಿ ನಡುವಿನ ರಾಡು, ಅದಕ್ಕೆ ಕೂತ ವೈಂಡಿಂಗ್ ನಿಂತಿರುತ್ತವೆ, ಹೊರಗಿನ ಚಿಪ್ಪು ತಿರುಗುತ್ತದೆ. ಚಿಪ್ಪಿಗೆ ರೆಕ್ಕೆ ಬದಲು ಸ್ಪೋಕ್, ರಿಮ್, ಟೈರ್ ಕಟ್ಟಿದರೆ ಹಬ್ ಮೋಟರ್. ನಿಲ್ಲುವ ರಾಡೇ ಇಲ್ಲಿ ಸೈಕಲ್ಲಿನ ಆಕ್ಸಲ್. ಚೈನ್ ಬೇಡ, ಬೆಲ್ಟ್ ಬೇಡ.

ವ್ಯತ್ಯಾಸ ಇರುವುದು ಚಿಪ್ಪಿನ ಒಳಗೋಡೆಯಲ್ಲಿ. ಅಲ್ಲಿ ಚಪ್ಪಟೆ ಮ್ಯಾಗ್ನೆಟ್‌ಗಳನ್ನು ಒಂದರ ಪಕ್ಕ ಒಂದು ಅಂಟಿಸಿರುತ್ತಾರೆ. ಒಂದು ಉತ್ತರ, ಒಂದು ದಕ್ಷಿಣ, ಹೀಗೆ ಸುತ್ತಲೂ. ನಾನು ಎಣಿಸಿದೆ, 46 ಮ್ಯಾಗ್ನೆಟ್. ಸ್ಟೇಟರ್‌ನಲ್ಲಿ ತಂತಿ ಕೂರುವ 51 ಸ್ಲಾಟ್. ಹೊರಗೆ ಬರುವುದು ಹಳದಿ, ಹಸಿರು, ನೀಲಿ ಮೂರು ದಪ್ಪ ವೈರು ಮತ್ತು ಐದು ಸಣ್ಣ ವೈರು.

ಮೂರು ದಪ್ಪ ವೈರು ಅಂದರೆ ಮೂರು ಫೇಸ್. ತೋಟದ ಪಂಪಿಗೆ ಮೂರು ಫೇಸ್ ಕಂಬದಿಂದ ಬರುತ್ತದೆ, ಯಾವಾಗಲೂ 50 ಹರ್ಟ್ಜ್. ಇಲ್ಲಿ ಬ್ಯಾಟರಿಯ ಡಿಸಿಯಿಂದ ಆ ಮೂರು ಫೇಸನ್ನು ಕಂಟ್ರೋಲರ್ ತಾನೇ ತಯಾರು ಮಾಡಬೇಕು. ಯಾವ ಕಾಯಿಲ್‌ಗೆ ಯಾವಾಗ ಕರೆಂಟ್ ಬಿಡಬೇಕು ಅಂತ ಗೊತ್ತಾಗಬೇಕಾದರೆ ಮ್ಯಾಗ್ನೆಟ್ ಈಗ ಎಲ್ಲಿದೆ ಅಂತ ಗೊತ್ತಿರಬೇಕು. ಅದನ್ನು ಹೇಳುವುದು ಸ್ಟೇಟರ್ ಅಂಚಿನಲ್ಲಿ ಕೂತ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಮೂರು ಹಾಲ್ ಸೆನ್ಸರ್. ಎದುರಿಗೆ ಬಂದ ಮ್ಯಾಗ್ನೆಟ್ ಉತ್ತರವೋ ದಕ್ಷಿಣವೋ ಅನ್ನುವುದಷ್ಟೇ ಅವುಗಳ ಕೆಲಸ. ಐದು ಸಣ್ಣ ವೈರಿನಲ್ಲಿ ಕೆಂಪು 5 ವೋಲ್ಟ್, ಕಪ್ಪು ಗ್ರೌಂಡ್, ಉಳಿದ ಮೂರು ಸೆನ್ಸರ್‌ಗಳ ಸಿಗ್ನಲ್.

ಒಂದು ಉತ್ತರ-ದಕ್ಷಿಣ ಜೋಡಿ ದಾಟುವಷ್ಟರಲ್ಲಿ ಕಂಟ್ರೋಲರ್ 6 ಸಲ ಕಾಯಿಲ್ ಬದಲಿಸುತ್ತದೆ. ಜೋಡಿ 23, ಹಾಗಾಗಿ ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ 138 ಸಲ. ದೊಡ್ಡಪ್ಪನ ಚಕ್ರ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ನಿಮಿಷಕ್ಕೆ ಸುಮಾರು 190 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 430ಕ್ಕೂ ಹೆಚ್ಚು ಬದಲಾವಣೆ. ಪಂಪ್‌ಸೆಟ್ ಸ್ಟಾರ್ಟರ್ ರಿಪೇರಿ ಮಾಡಿಕೊಂಡಿದ್ದ ನನಗೆ ಇದು ಬಹಳ ಚಂದ ಅನ್ನಿಸಿತು. ಇವತ್ತಿಗೂ ಅನ್ನಿಸುತ್ತದೆ.

ಕೂರಿಸುವಾಗ ಒಂದು ತಪ್ಪು ಮಾಡಿದೆ. ಮೋಟರ್ ಚಕ್ರವನ್ನು ಮುಂದಕ್ಕೆ ಎಷ್ಟು ಜೋರಾಗಿ ತಿರುಗಿಸುತ್ತದೋ ಆಕ್ಸಲನ್ನು ಅಷ್ಟೇ ಜೋರಾಗಿ ಹಿಂದಕ್ಕೆ ತಿರುಚುತ್ತದೆ. ಮಾಮೂಲಿ ಸೈಕಲ್ಲಿನ ಆಕ್ಸಲ್ ಮೇಲೆ ಆ ತಿರುಚು ಬೀಳುವುದೇ ಇಲ್ಲ. ನಾನು ನಟ್ಟು ಬಿಗಿ ಮಾಡಿದರೆ ಸಾಕು ಅಂದುಕೊಂಡೆ. ಅಂಗಡಿ ಮುಂದಿನ ದಿಣ್ಣೆ ಹತ್ತಿಸುವಾಗ ಆಕ್ಸಲ್ ಫ್ರೇಮಿನ ಕಚ್ಚಿನಿಂದ ಜಾರಿ ಗಿರ್ರನೆ ತಿರುಗಿತು. ಆಕ್ಸಲ್ ಒಳಗಿಂದ ಬರುವ ಎಂಟೂ ವೈರು ಹಗ್ಗ ಹೊಸೆದಂತೆ ಹೊಸೆದು ಕಿತ್ತುಹೋದವು. ಪುಣ್ಯಕ್ಕೆ ಚಕ್ರ ಕಳಚಲಿಲ್ಲ. ಆಮೇಲೆ ಪಕ್ಕದ ವೆಲ್ಡಿಂಗ್ ಶಾಪಿನಲ್ಲಿ 6 ಮಿಲಿಮೀಟರ್ ಪಟ್ಟಿಯಿಂದ ಎರಡು ಟಾರ್ಕ್ ಆರ್ಮ್ ಮಾಡಿಸಿದೆ. ಆಕ್ಸಲ್ಲಿನ ಚಪ್ಪಟೆ ಭಾಗ ಅದರ ತೂತಿನಲ್ಲಿ ಬಿಗಿಯಾಗಿ ಕೂರಬೇಕು, ಇನ್ನೊಂದು ತುದಿ ಫ್ರೇಮಿಗೆ ಬೋಲ್ಟ್ ಆಗಬೇಕು. ಟಾರ್ಕ್ ಆರ್ಮ್ ಇಲ್ಲದೆ ಹಬ್ ಮೋಟರ್ ಸೈಕಲ್ ಓಡಿಸಬೇಡಿ. ಮುಂದಿನ ಚಕ್ರಕ್ಕೆ ಹಾಕಿದ್ದರಂತೂ ಖಂಡಿತಾ ಬೇಡ.

ಸರಿ, ಸೈಕಲ್ ದೊಡ್ಡಪ್ಪನ ಮನೆಗೆ ಹೋಯಿತು. ಹದಿನೈದು ದಿನ ದೊಡ್ಡಪ್ಪ ಖುಷಿಯಾಗಿದ್ದರು. ಹದಿನಾರನೇ ದಿನ ಫೋನ್.

"ಏರಿನಲ್ಲಿ ಗುಂಯ್ ಅಂತಾನೆ, ಒದರುತ್ತಾನೆ, ಮುಂದೆ ಹೋಗೋದಿಲ್ಲ."

ಒಂದು ಫೇಸ್ ಹೋದ ಪಂಪ್‌ಸೆಟ್ ಗುಂಯ್ ಅನ್ನುತ್ತದಲ್ಲ, ಅದೇ ಸದ್ದು. ಮೊದಲು ಕಂಟ್ರೋಲರ್ ಪ್ಲಗ್ ಕಿತ್ತು ಚಕ್ರ ಕೈಯಲ್ಲಿ ತಿರುಗಿಸಿದೆ. ಹಗುರ ತಿರುಗಿತು. ಮೂರು ಫೇಸ್ ವೈರನ್ನು ಒಂದಕ್ಕೊಂದು ತಾಗಿಸಿ ತಿರುಗಿಸಿದೆ. ಬಿಗಿಯಾಗಿ, ತಡೆತಡೆದು ತಿರುಗಿತು. ತಾಗಿಸಿದಾಗ ಬಿಗಿ, ಬಿಟ್ಟಾಗ ಸಡಿಲ ಅಂದರೆ ವೈಂಡಿಂಗ್ ಕಡಿದಿಲ್ಲ, ಶಾರ್ಟೂ ಆಗಿಲ್ಲ ಅಂತ ಲೆಕ್ಕ. ಪ್ಲಗ್ ಹಾಕಿದಾಗ ಮಾತ್ರ ಬಿಗಿಯಾದರೆ ಕಂಟ್ರೋಲರ್ ಒಳಗೆ ಸ್ವಿಚ್ಚಿನಂತೆ ಕೆಲಸ ಮಾಡುವ ಮಾಸ್‌ಫೆಟ್ ಶಾರ್ಟ್ ಆಗಿರುತ್ತದೆ. ಅದೂ ಅಲ್ಲ. ಉಳಿದದ್ದು ಹಾಲ್ ಸೆನ್ಸರ್. ಪ್ಲಗ್ ಹಾಕಿ, ಪವರ್ ಕೊಟ್ಟು, ಮೀಟರಿನ ಕಪ್ಪು ಮುಳ್ಳು ಗ್ರೌಂಡಿಗೆ, ಕೆಂಪು ಮುಳ್ಳು ಒಂದೊಂದೇ ಸಿಗ್ನಲ್ ವೈರಿಗೆ ಇಟ್ಟು ಚಕ್ರ ಮೆಲ್ಲಗೆ ತಿರುಗಿಸಿದೆ. ಸರಿ ಇದ್ದರೆ 0 ಮತ್ತು 5 ವೋಲ್ಟ್ ನಡುವೆ ಹಾರುತ್ತಿರಬೇಕು. ಹಸಿರು ವೈರು ಹಾರಲಿಲ್ಲ. 5ರಲ್ಲೇ ನಿಂತಿತ್ತು.

ಮುಚ್ಚಳ ತೆಗೆದ ಕೂಡಲೇ ಸುಟ್ಟ ವಾರ್ನಿಶ್ ವಾಸನೆ. ಆ ವಾಸನೆ ನನಗೆ ಹೇಳಿಕೊಡಬೇಕಾಗಿಲ್ಲ. ಕಾಯಿಲ್ ಬಣ್ಣ ಕಂದಾಗಿತ್ತು. ಮೂರೂ ಸೆನ್ಸರ್ ಬದಲಿಸಿ ಅರಾಲ್ಡೈಟ್ ಹಾಕಿ ಕೂರಿಸಿದೆ. ಒಂದು ಹೋಗಿದ್ದರೂ ಮೂರೂ ಬದಲಿಸುವುದು ಒಳ್ಳೆಯದು, ಉಳಿದೆರಡೂ ಅದೇ ಬಿಸಿ ತಿಂದಿರುತ್ತವೆ. ಅಕ್ಷರ ಬರೆದ ಮುಖ ಮೊದಲು ಯಾವ ಕಡೆ ಇತ್ತೋ ಅದೇ ಕಡೆ ಇರಬೇಕು, ತೆಗೆಯುವ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ.

ಒಂದೂವರೆ ತಿಂಗಳಿಗೆ ಅದೇ ಸೆನ್ಸರ್ ಮತ್ತೆ ಹೋಯಿತು. ಆವಾಗ ಕೂತು ಲೆಕ್ಕ ಹಾಕಿದೆ. ಮೊದಲೇ ಹಾಕಬೇಕಿತ್ತು.

ದೊಡ್ಡಪ್ಪ, ಸೈಕಲ್, ಹಾಲು ಎಲ್ಲಾ ಸೇರಿ ಸುಮಾರು 120 ಕಿಲೋ. ಏರು ಹತ್ತು ಅಡಿಗೆ ಒಂದು ಅಡಿ. ಅದನ್ನು ಹತ್ತಲು ಆ ಚಕ್ರಕ್ಕೆ ಸುಮಾರು 45 ನ್ಯೂಟನ್ ಮೀಟರ್ ತಿರುಚು ಬೇಕು. ಮೋಟರ್ ಚಪ್ಪಟೆ ರಸ್ತೆಯಲ್ಲಿ ಪೂರ್ತಿ ವೇಗದಲ್ಲಿ 250 ವ್ಯಾಟ್ ಕೊಡುವಾಗ ಬರುವುದು ಸುಮಾರು 12. ಮೂರೂವರೆ ಪಟ್ಟಿಗಿಂತ ಜಾಸ್ತಿ. ತಿರುಚು ಕರೆಂಟಿಗೆ ತಕ್ಕಂತೆ ಬರುತ್ತದೆ, ಆದರೆ ಕಾಯಿಲ್ಲಿನ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕರೆಂಟ್ ಮೂರೂವರೆ ಪಟ್ಟಾದರೆ ಬಿಸಿ ಹನ್ನೆರಡು ಪಟ್ಟು. ಕಸ ಸಿಕ್ಕಿ ಇಂಪೆಲ್ಲರ್ ಜಾಮ್ ಆದ ಪಂಪ್ ಯಾಕೆ ಸುಡುತ್ತದೆ? ತಿರುಗುವ ಮೋಟರ್ ತಾನೇ ಒಂದು ಎದುರು ವೋಲ್ಟೇಜ್ ಹುಟ್ಟಿಸಿ ಕರೆಂಟನ್ನು ಹಿಡಿದಿಡುತ್ತದೆ. ವೇಗ ಬಿದ್ದರೆ ಆ ಹಿಡಿತ ಸಡಿಲವಾಗುತ್ತದೆ. ಏರಿನಲ್ಲಿ ನಡಿಗೆಯ ವೇಗಕ್ಕೆ ಇಳಿದ ಹಬ್ ಮೋಟರ್ ಅರ್ಧ ಜಾಮ್ ಆದ ಪಂಪೇ.

ಇನ್ನೊಂದು ವಿಷಯ ಇದೆ. ಪಂಪ್‌ಸೆಟ್‌ನ ವೈಂಡಿಂಗ್ ಹೊರಗಿನ ಬಾಡಿಗೆ ಅಂಟಿಕೊಂಡಿರುತ್ತದೆ, ಬಿಸಿ ನೇರ ಆಚೆ ಹೋಗುತ್ತದೆ. ಹಬ್ ಮೋಟರ್‌ನಲ್ಲಿ ವೈಂಡಿಂಗ್ ನಟ್ಟನಡುವೆ. ಸುತ್ತ ಗಾಳಿ, ಆಮೇಲೆ ಚಿಪ್ಪು. ಬಿಸಿಗೆ ದಾರಿ ಅಂದರೆ ಆ ಗಾಳಿ ಮತ್ತು ಸಣ್ಣ ಆಕ್ಸಲ್. ಹೊರಗೆ ಮುಟ್ಟಿದರೆ ಬೆಚ್ಚಗಿರುತ್ತದೆ ಅಷ್ಟೇ, ಒಳಗೆ ವಾರ್ನಿಶ್ ಬೇಯುತ್ತಿರುತ್ತದೆ. ದೊಡ್ಡಪ್ಪ ದಿನಾ ಮುಟ್ಟಿ ನೋಡಿ "ಏನೂ ಬಿಸಿ ಇಲ್ಲ" ಅಂತಿದ್ದರು. ಅವರು ಹೇಳಿದ್ದು ಸುಳ್ಳಲ್ಲ.

ವೈಂಡಿಂಗ್ ಮಾಡುವವನಿಗೆ ಮೊದಲು ಹೊಳೆಯುವ ಉಪಾಯ ಏನು? ಸುತ್ತು ಜಾಸ್ತಿ ಹಾಕಿದರೆ ಕಡಿಮೆ ಕರೆಂಟಿಗೇ ಹೆಚ್ಚು ತಿರುಚು ಬರುತ್ತದೆ. ನನಗೂ ಅದೇ ಹೊಳೆಯಿತು. ಆದರೆ ಸ್ಲಾಟ್ ಜಾಗ ಅಷ್ಟೇ. ಸುತ್ತು ಎರಡು ಪಟ್ಟಾದರೆ ತಂತಿಯ ಅಡ್ಡಕೊಯ್ತದ ವಿಸ್ತೀರ್ಣ ಅರ್ಧ ಆಗಬೇಕು, ಉದ್ದ ಎರಡು ಪಟ್ಟು. ರೆಸಿಸ್ಟೆನ್ಸ್ ನಾಲ್ಕು ಪಟ್ಟು. ಕರೆಂಟ್ ಅರ್ಧಕ್ಕಿಳಿದು ಉಳಿಸಿದ್ದನ್ನು ರೆಸಿಸ್ಟೆನ್ಸ್ ತಿಂದುಹಾಕುತ್ತದೆ. ಅದೇ ತಾಮ್ರ, ಅದೇ ತಿರುಚು, ಅದೇ ಬಿಸಿ. ವೇಗ ಮಾತ್ರ ಅರ್ಧ. ಸುತ್ತಿ ಸರಿಮಾಡುವ ರೋಗ ಇದಲ್ಲ ಅಂತ ಕಾಗದದ ಮೇಲೆ ಕಂಡಾಗ ಮನಸ್ಸಿಗೆ ಬೇಜಾರಾಯಿತು.

ಉಳಿಯುವ ದಾರಿ ಮೂರು. ಚಕ್ರ ಸಣ್ಣದು ಮಾಡುವುದು, ಮೋಟರ್ ಒಳಗೆ ಗೇರ್ ಇಡುವುದು, ಇಲ್ಲಾ ಕಾಲು ಸೇರಿಸುವುದು. ಟಿವಿಎಸ್ ಐಕ್ಯೂಬ್ ಸ್ಕೂಟರ್‌ನಲ್ಲಿ ಹಬ್ ಮೋಟರೇ ಇದೆ, ಆದರೆ ಚಕ್ರ 12 ಇಂಚು, ಮೋಟರ್ ಕಿಲೋವ್ಯಾಟ್‌ಗಳ ಲೆಕ್ಕದ್ದು. ಏಥರ್ 450ರಲ್ಲಿ ಮೋಟರ್ ಚಕ್ರದ ಹೊರಗಿದ್ದು ಬೆಲ್ಟ್ ಮೂಲಕ ಚಕ್ರ ತಿರುಗಿಸುತ್ತದೆ. ಎರಡೂ ಸರಿಯಾದ ದಾರಿಯೇ. 1971ರಲ್ಲಿ ಅಪೋಲೋ 15ರ ಜೊತೆ ಚಂದ್ರನ ಮೇಲೆ ಓಡಿದ ಗಾಡಿಯ ನಾಲ್ಕೂ ಚಕ್ರಕ್ಕೆ ಒಂದೊಂದು ಮೋಟರ್ ಇತ್ತು. ಒಂದೊಂದೂ ಕಾಲು ಹಾರ್ಸ್‌ಪವರ್, ಅಂದರೆ ದೊಡ್ಡಪ್ಪನ ಮೋಟರಿಗಿಂತ ಸಣ್ಣದು. ಆದರೆ ಮೋಟರ್ 80 ಸುತ್ತು ತಿರುಗಿದರೆ ಚಕ್ರ 1 ಸುತ್ತು ತಿರುಗುವಂಥ ಗೇರ್ ಇಟ್ಟಿದ್ದರು. ಇದನ್ನು ಓದಿದ ದಿನ ನನಗೆ ಗೇರಿನ ಬಗ್ಗೆ ಇದ್ದ ಅನುಮಾನ ಹೋಯಿತು.

28 ಇಂಚಿನ ಸೈಕಲ್ ಬಿಡಲು ದೊಡ್ಡಪ್ಪ ಒಪ್ಪಲಿಲ್ಲ. ಹಾಗಾಗಿ 250 ವ್ಯಾಟ್‌ನದೇ ಗೇರ್ ಹಬ್ ತರಿಸಿದೆ. ಒಳಗೆ ಸಣ್ಣ ಮೋಟರ್ ಚಕ್ರಕ್ಕಿಂತ ಸುಮಾರು ಐದು ಪಟ್ಟು ವೇಗವಾಗಿ ತಿರುಗುತ್ತದೆ, ಮೂರು ನೈಲಾನ್ ಗೇರ್ ಅದನ್ನು ಇಳಿಸಿ ಚಿಪ್ಪಿಗೆ ಕೊಡುತ್ತವೆ. ತೂಕ ಹಳೆಯದರ ಅರ್ಧದಷ್ಟು. ಕಲ್ಲುರಸ್ತೆಯಲ್ಲಿ ಅದೂ ಲಾಭವೇ, ಭಾರದ ಹಬ್ ಇದ್ದಾಗ ಪ್ರತಿ ಗುಂಡಿಗೂ ಸ್ಪೋಕ್ ಕಿರುಗುಟ್ಟುತ್ತಿತ್ತು.

ಗೇರ್ ಬಂದರೂ ಏರು ಏರೇ. 250 ವ್ಯಾಟ್‌ಗೆ ಆ ಏರಿನಲ್ಲಿ ಸಿಗುವುದು ಗಂಟೆಗೆ 7 ಕಿಲೋಮೀಟರ್. ಪೆಡಲ್‌ನಿಂದ 80 ವ್ಯಾಟ್ ಸೇರಿದರೆ 9 ದಾಟುತ್ತದೆ. ಹಾಗಾಗಿ ದೊಡ್ಡಪ್ಪನಿಗೆ ಎರಡೇ ಮಾತು ಹೇಳಿದೆ. ಏರು ಶುರುವಾಗುವ ಮೊದಲೇ ವೇಗ ತಗೊಳ್ಳಿ. ಏರಿನಲ್ಲಿ ಸುಮ್ನೆ ಕೂರಬೇಡಿ, ಪೆಡಲ್ ತುಳಿಯುತ್ತಾ ಇರಿ.

"ಮಂಡಿ?"

"ಇಳಿದು ತಳ್ಳೋದಕ್ಕಿಂತ ಕಡಿಮೆ ನೋವು, ನೋಡಿ."

ಮೊದಲ ವಾರ ನಾನೇ ಹಿಂದೆ ಬೈಕಿನಲ್ಲಿ ಹೋಗಿ ನೋಡಿದೆ. ಹತ್ತಿದರು, ಇಳಿಯಲಿಲ್ಲ.

ಕಳೆದುಕೊಂಡದ್ದೂ ಇದೆ. ಗೇರ್ ಹಬ್‌ನಲ್ಲಿ ಫ್ರೀವೀಲ್ ಇರುವುದರಿಂದ ಇಳಿಜಾರಿನಲ್ಲಿ ಮೋಟರ್ ಸೈಕಲನ್ನು ಹಿಡಿಯುವುದಿಲ್ಲ, ಬ್ಯಾಟರಿಗೆ ಕರೆಂಟ್ ವಾಪಸ್ ಕೊಡುವುದೂ ಆಗದು. ಹಳೇ ಮೋಟರ್ ಕರೆಂಟ್ ಇಲ್ಲದಿದ್ದರೂ ಸ್ವಲ್ಪ ತಡೆಯುತ್ತಿತ್ತು. ಈಗ ಬ್ರೇಕ್ ಕಟ್ಟೆ ಬೇಗ ಸವೆಯುತ್ತದೆ, ನಾನು ಎರಡು ತಿಂಗಳಿಗೊಮ್ಮೆ ಬದಲಿಸಿ ಕೊಡುತ್ತೇನೆ. ನೈಲಾನ್ ಗೇರೂ ಸವೆಯುವ ಮಾಲೇ.

ಇನ್ನು ಮಳೆ. ನಮ್ಮ ಕಡೆಯ ಮಳೆಗೆ ಹಬ್ ಮೋಟರ್ ಹೆದರಬೇಕಾದ್ದು ಮೇಲಿಂದ ಬೀಳುವ ನೀರಿಗಲ್ಲ. ಏರು ಹತ್ತಿ ಬಿಸಿಯಾದ ಮೋಟರ್ ಹಳ್ಳದ ನೀರಿಗೆ ಇಳಿದು ತಣ್ಣಗಾದಾಗ ಒಳಗಿನ ಗಾಳಿ ಕುಗ್ಗಿ, ವೈರ್ ಬರುವ ತೂತಿನಿಂದ ನೀರು ಎಳೆದುಕೊಳ್ಳುತ್ತದೆ. ವೈರನ್ನು ಆಕ್ಸಲ್‌ಗಿಂತ ಕೆಳಕ್ಕೆ ಬಾಗಿಸಿ ಆಮೇಲೆ ಮೇಲಕ್ಕೆ ಒಯ್ಯಬೇಕು, ಹನಿ ಆ ಬಾಗಿನಲ್ಲೇ ಉದುರಿಹೋಗುತ್ತದೆ. ತೂತಿಗೆ ಸಿಲಿಕಾನ್ ತುಂಬಬೇಕು.

ಪ್ರತಿ ವರ್ಷ ಮೇ ಕೊನೆಯಲ್ಲಿ ದೊಡ್ಡಪ್ಪನ ಹಬ್ ಬಿಚ್ಚುತ್ತೇನೆ. ಹಳೇ ಗ್ರೀಸ್ ಒರೆಸಿ ಹೊಸದು ಹಚ್ಚಿ, ಗೇರ್ ಹಲ್ಲು ನೋಡಿ, ಸಿಲಿಕಾನ್ ಹೊಸದಾಗಿ ತುಂಬಿ ಮುಚ್ಚುತ್ತೇನೆ. ಗೇರ್ ಸೆಟ್ ಒಂದು ಸಲ ಬದಲಿಸಿದ್ದಾಯಿತು, ಮುಂದಿನದು ಕಪಾಟಿನ ಡಬ್ಬಿಯಲ್ಲಿದೆ. ಈಗ ಯಾರಾದರೂ ಹಬ್ ಮೋಟರ್ ಕೇಳಿಕೊಂಡು ಬಂದರೆ ಕಿಟ್ ತೋರಿಸುವ ಮೊದಲು ಬೈಕ್ ಹತ್ತಿ ಅವರ ಮನೆ ದಾರಿ ನೋಡಿ ಬರುತ್ತೇನೆ.