ಸಮಕಾಲೀನ ಕಲಾಕೃತಿಯನ್ನು ಅದರ ಊರು, ಕಾಲ, ಜನರೊಂದಿಗೆ ಓದುವುದು ಹೇಗೆ

ಗ್ಯಾಲರಿಗೆ ಹೋದವರಲ್ಲಿ ಹೆಚ್ಚಿನವರು ಮೊದಲು ನೋಡುವುದು ಕೃತಿಯನ್ನಲ್ಲ, ಪಕ್ಕದಲ್ಲಿ ಅಂಟಿಸಿದ ಚೀಟಿಯನ್ನು. ಚೀಟಿ ಹತ್ತು ನಿಮಿಷ ಕಾಯಲಿ. ಒಂದು ಭೇಟಿಗೆ ಎರಡು ಕೃತಿ ಸಾಕು, ಒಂದೊಂದಕ್ಕೆ ಅರ್ಧ ಗಂಟೆ ಕೊಡಿ. ಜೊತೆಗೆ ನೋಟ್‌ಬುಕ್ಕು, ಪೆನ್ಸಿಲ್ಲು ಇರಲಿ. ಶಾಯಿ ಪೆನ್ನನ್ನು ಕೆಲವು ಮ್ಯೂಸಿಯಂಗಳು ಒಳಗೆ ಬಿಡುವುದಿಲ್ಲ.

ಮೊದಲು ಸಾಮಗ್ರಿಯ ಪಟ್ಟಿ ಮಾಡಿ. ಕಣ್ಣಿಗೆ ಕಂಡದ್ದಷ್ಟೇ: ನೂಲು, ಸೂಜಿ, ಸಗಣಿ, ತಗಡು, ಫೋಟೊ. 'ಶೋಷಣೆ', 'ಅಸ್ಮಿತೆ', 'ಜಾಗತೀಕರಣ' ಎಂಬ ಪದಗಳು ಈ ಪಟ್ಟಿಯೊಳಗೆ ನುಸುಳಿದರೆ ಹೊಡೆದುಹಾಕಿ, ಅವಕ್ಕೆ ಇನ್ನೂ ಹೊತ್ತಿದೆ. ಆಮೇಲೆ ಪ್ರತಿ ಸಾಮಗ್ರಿಗೂ ನಾಲ್ಕು ಪ್ರಶ್ನೆ ಹಾಕಿ. ಇದು ಎಲ್ಲಿಂದ ಬರುತ್ತದೆ? ಯಾರು ಮಾಡುತ್ತಾರೆ, ಯಾರು ಮಾರುತ್ತಾರೆ? ಮನೆಯಲ್ಲಿ, ಬೀದಿಯಲ್ಲಿ ಯಾವುದಕ್ಕೆ ಬಳಸುತ್ತಾರೆ? ಮುಟ್ಟಲು ಹಿಂಜರಿಯುವವರು ಯಾರು? ಕೊನೆಯದನ್ನು ನಮ್ಮ ಕಡೆಯ ಕೃತಿಗಳಿಗಂತೂ ಕೇಳಲೇಬೇಕು. ಜಾತಿ, ಮಡಿ-ಮೈಲಿಗೆ ತಲೆಯೆತ್ತುವುದು ಅಲ್ಲೇ.

ಬೆಂಗಳೂರಿನ ಕಲಾವಿದೆ ಶೀಲಾ ಗೌಡ ಅವರ 'ಬಿಹೋಲ್ಡ್' (2009) ಕೃತಿಗೆ ಈ ಪ್ರಶ್ನೆಗಳನ್ನು ಹಾಕಿ ನೋಡೋಣ. ಪಟ್ಟಿಯಲ್ಲಿ ಎರಡೇ ವಸ್ತು: ಕಾರುಗಳ ಉಕ್ಕಿನ ಬಂಪರು, ಮನುಷ್ಯರ ಕೂದಲಿನಿಂದ ಹೊಸೆದ ಸುಮಾರು 4,000 ಮೀಟರ್ ಹಗ್ಗ. ಕೂದಲು ಬಂದದ್ದು ದೇವಸ್ಥಾನಗಳಲ್ಲಿ ಹರಕೆಗೆ ಕೊಟ್ಟ ಮುಡಿಯಿಂದ. ಅದರಲ್ಲಿ ಉದ್ದನೆಯದು ವಿಗ್ ವ್ಯಾಪಾರಕ್ಕೆ ಹೋಗುತ್ತದೆ, ಗಿಡ್ಡದ್ದು ಹಗ್ಗವಾಗುತ್ತದೆ. ಆ ಹಗ್ಗವನ್ನು ಬೆಂಗಳೂರಿನ ಚಾಲಕರು ದೃಷ್ಟಿಯಾಗದಿರಲೆಂದು ಬಂಪರಿಗೆ ಸುತ್ತುತ್ತಾರೆ. ಇನ್ನು ಹಿಂಜರಿಕೆಯ ವಿಷಯ: ತಲೆಯ ಮೇಲಿದ್ದರೆ ಚೆಂದ, ಹರಕೆಯಾದರೆ ಪವಿತ್ರ, ಅನ್ನದಲ್ಲಿ ಸಿಕ್ಕರೆ ಅಸಹ್ಯ. ಇಷ್ಟು ಬರೆದುಕೊಂಡು ಮತ್ತೆ ಕೃತಿಯತ್ತ ತಿರುಗಿ. ಬೀದಿಯಲ್ಲಿ ಬಂಪರು ಹಗ್ಗವನ್ನು ಹೊತ್ತಿರುತ್ತದೆ, ಇಲ್ಲಿ ಹಗ್ಗವೇ ಬಂಪರುಗಳ ಭಾರ ಹೊತ್ತು ನಿಂತಿದೆ. ಈ ಅದಲುಬದಲು ಕಂಡಿತೆಂದರೆ ಅರ್ಥ ಹುಡುಕುತ್ತಾ ಅಲೆಯಬೇಕಾಗಿಲ್ಲ.

ಇದೇ ಕೃತಿಯಲ್ಲಿ ಜನ ಎಡವುವುದೂ ಉಂಟು. ಕಲಾವಿದೆ ಹುಟ್ಟಿದ್ದು ಭದ್ರಾವತಿಯಲ್ಲಿ, ಭದ್ರಾವತಿಯೆಂದರೆ ಉಕ್ಕಿನ ಕಾರ್ಖಾನೆ, ಆದ್ದರಿಂದ ಬಂಪರು! ಕೇಳಲು ಸೊಗಸಾಗಿದೆ, ಆಧಾರ ಮಾತ್ರ ಇಲ್ಲ. ಹುಟ್ಟೂರಿನಿಂದ ಶುರುಮಾಡಿದರೆ ಹೀಗೇ ಆಗುವುದು. ಅವರು ಕಲಿತದ್ದು ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗಳಲ್ಲಿ. ಅವೂ ಅವರ ಸಂದರ್ಭದ ಭಾಗವೇ.

ಈಗ ಚೀಟಿ ಓದಿ. ಅದರಲ್ಲಿ ಮುಖ್ಯವಾದದ್ದು ವರ್ಷ. ಕೃತಿಯ ವರ್ಷದ ಹಿಂದಿನ ಎರಡು-ಮೂರು ವರ್ಷಗಳಲ್ಲಿ ಏನಾಯಿತೆಂದು ನೋಡಿ. ಚಿತ್ರ ಬರೆಯುತ್ತಿದ್ದ ಶೀಲಾ ಗೌಡ ಸಗಣಿಯನ್ನು ಕೈಗೆತ್ತಿಕೊಂಡದ್ದು 1992-93ರ ಮುಂಬೈ ಗಲಭೆಗಳ ನಂತರ. ನೆಲ ಸಾರಿಸುವ, ಬೆರಣಿ ತಟ್ಟುವ ಹೆಂಗಸರ ಕೆಲಸ ಒಂದು ಕಡೆ, ಗೋವಿನ ರಾಜಕೀಯ ಇನ್ನೊಂದು ಕಡೆ. ವರ್ಷ ಬಿಟ್ಟು ಓದಿದರೆ ಉಳಿಯುವುದು 'ಗ್ರಾಮೀಣ ಸೊಗಡು' ಎಂಬ ಸವಕಲು ಮಾತು.

ಚೀಟಿಯಲ್ಲಿ ಇಲ್ಲದ್ದನ್ನೂ ಹುಡುಕಿ: ಕೃತಿ ಮೊದಲು ಎಲ್ಲಿ ಪ್ರದರ್ಶನಗೊಂಡಿತು? 'ಬಿಹೋಲ್ಡ್' ಇಟಲಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾಪ್ರದರ್ಶನ ವೆನಿಸ್ ಬಿಯೆನಾಲೆಗೆ ಹೋದದ್ದು, ಈಗ ಲಂಡನ್ನಿನ ಟೇಟ್ ಮ್ಯೂಸಿಯಂ ಸಂಗ್ರಹದಲ್ಲಿದೆ. ದೃಷ್ಟಿಹಗ್ಗ ಗೊತ್ತಿಲ್ಲದ ಯುರೋಪಿನವರಿಗೆ ಅಷ್ಟೊಂದು ಕೂದಲು, ಕೈದಿಗಳ ತಲೆಗೂದಲು ಕತ್ತರಿಸಿ ರಾಶಿ ಹಾಕಿದ್ದ ನಾಜಿ ಶಿಬಿರಗಳನ್ನು ನೆನಪಿಸಬಹುದು. ಆ ಓದು ತಪ್ಪಲ್ಲ, ಆದರೆ ಬೇರೆ. ಎರಡನ್ನೂ ಬರೆದಿಡಿ, ಬೆರೆಸಬೇಡಿ.

ಫೋಟೊ ಆಧಾರಿತ ಕೃತಿಗೆ ದಾರಿ ಸ್ವಲ್ಪ ಬೇರೆ. ಕಲಾವಿದೆ ಪುಷ್ಪಮಾಲಾ ಎನ್. ಮತ್ತು ಛಾಯಾಗ್ರಾಹಕಿ ಕ್ಲೇರ್ ಆರ್ನಿ 2000-2004ರಲ್ಲಿ ಮಾಡಿದ 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ' ಸರಣಿಯಲ್ಲಿ ಪುಷ್ಪಮಾಲಾ ತಾವೇ ರವಿವರ್ಮನ ಲಕ್ಷ್ಮಿಯಾಗಿ ನಿಲ್ಲುತ್ತಾರೆ. ಮನೆಯ ಗೋಡೆಯಲ್ಲಿರುವ ಲಕ್ಷ್ಮಿಯ ಪಟವನ್ನು ಇದರ ಪಕ್ಕಕ್ಕಿಟ್ಟು ಭಂಗಿ, ಪರದೆ, ಬೆಳಕು, ಮುಖಭಾವ ಒಂದೊಂದಾಗಿ ಹೋಲಿಸಿ. ಅದೇ ಸರಣಿಯ ಇನ್ನೊಂದು ಫೋಟೊದಲ್ಲಿ ಹೆಣ್ಣಿನ ಹಿಂದೆ ಚೌಕುಳಿ ಹಲಗೆಯಿದೆ. ಬ್ರಿಟಿಷರ ಕಾಲದಲ್ಲಿ 'ಬುಡಕಟ್ಟಿನವರ' ಮೈ ಅಳೆಯಲು ಬಳಸಿದ ಹಿನ್ನೆಲೆ ಅದು. ಮೂಲ ಗೊತ್ತಿಲ್ಲದಿದ್ದರೆ ಇದು ವೇಷಭೂಷಣ ಸ್ಪರ್ಧೆಯ ಹಾಗೆ ಕಂಡೀತು.

ಬೀದಿಯ ಕೆಲಸಕ್ಕೆ ಜಾಗವೇ ಸಾಮಗ್ರಿ. ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಮೊಸಳೆ ಕೂರಿಸಿದರು. ಮೊಸಳೆಯನ್ನು ಗ್ಯಾಲರಿಗೆ ತಂದರೆ ಅದು ಬರಿಯ ಗೊಂಬೆ. ಇಂಥದ್ದರಲ್ಲಿ ಗುಂಡಿ, ನೀರು, ನಿಂತು ನೋಡಿದ ಜನ, ಪತ್ರಿಕೆಯ ಸುದ್ದಿ ಎಲ್ಲವನ್ನೂ ಪಟ್ಟಿಗೆ ಸೇರಿಸಿ.

ಎಚ್ಚರಿಕೆಯ ಮಾತೊಂದು. ಮೈಸೂರಿನ ಎನ್.ಎಸ್. ಹರ್ಷ ಅವರ ಚಿತ್ರಗಳಲ್ಲಿ ಎಲೆಯ ಮುಂದೆ ಸಾಲಾಗಿ ಊಟಕ್ಕೆ ಕುಳಿತವರನ್ನು ಕಂಡ ಕೂಡಲೇ 'ಪಂಕ್ತಿಭೇದ' ಎಂದು ಬರೆಯುವ ಆಸೆಯಾಗುತ್ತದೆ. ಮೊದಲು ಆಕೃತಿಗಳನ್ನು ಒಬ್ಬೊಬ್ಬರಾಗಿ ನೋಡಿ: ಯಾರು ಯಾರ ಪಕ್ಕ, ಯಾರ ಕಣ್ಣು ಎತ್ತ. ಚಿತ್ರದೊಳಗೆ ಸಾಕ್ಷಿ ಸಿಕ್ಕರೆ ಬರೆಯಿರಿ. ಇಲ್ಲದಿದ್ದರೆ ಅದು ನಿಮ್ಮ ಊರಿನ ನೆನಪು, ಚಿತ್ರದ್ದಲ್ಲ.

ಟಿಪ್ಪಣಿ 150 ಪದ ಮೀರದಿರಲಿ: ಮೊದಲು ಸಾಮಗ್ರಿ, ಬಳಿಕ ಅದರ ಲೋಕ, ಬಳಿಕ ವರ್ಷ ಮತ್ತು ಜಾಗ, ಕಡೆಗೆ ನಿಮ್ಮ ಅಭಿಪ್ರಾಯ. ಪರದೆಯ ಮೇಲಷ್ಟೇ ನೋಡಿದ್ದರೆ ಹಾಗೆಂದು ಬರೆಯಿರಿ, ಯಾಕೆಂದರೆ ಕೋಣೆ ತುಂಬುವ ಹಗ್ಗವೂ ಅಂಗೈಯಗಲದ ರೇಖಾಚಿತ್ರವೂ ಮೊಬೈಲಿನಲ್ಲಿ ಒಂದೇ ಅಳತೆ. ಬರೆದಾದ ಮೇಲೆ ಪ್ರತಿ ವಾಕ್ಯದಲ್ಲೂ 'ಕರ್ನಾಟಕ' ಇದ್ದ ಕಡೆ 'ಕೇರಳ' ಎಂದು ಹಾಕಿ ಓದಿ. ಏನೂ ಕೆಡಲಿಲ್ಲವೆಂದರೆ ಆ ವಾಕ್ಯವನ್ನು ತೆಗೆದು, ಪಟ್ಟಿಯಿಂದ ಒಂದು ವಸ್ತುವನ್ನು ಹೆಸರು ಹಿಡಿದು ಅಲ್ಲಿಗೆ ತನ್ನಿ.