ಬಿಚ್ಚಿ ಕಟ್ಟಿದ ಟರ್ಬೊ ಎಂಜಿನ್: ಮೊದಲ ಸ್ಟಾರ್ಟ್‌ಗೆ ಮುನ್ನ ಆಯಿಲ್ ಏರಿಸುವ ಕ್ರಮ

ಸವೆದ ಸಿಲಿಂಡರ್ ಕೊರೆದು ಸರಿಪಡಿಸುವ ಬೋರಿಂಗ್ ಮುಗಿಸಿ, ಹೊಸ ಪಿಸ್ಟನ್, ರಿಂಗ್, ಬೇರಿಂಗ್ ಹಾಕಿ ಕಟ್ಟಿದ ಎಂಜಿನ್ನಿಗೆ ಅಳತೆಯಂತೆ ಆಯಿಲ್ ಸುರಿದರೂ ಅದು ಎಂಜಿನ್ ತಳದ ತೊಟ್ಟಿಯಾದ ಸಂಪಿನಲ್ಲಿ ನಿಂತಿರುತ್ತದೆಯೇ ಹೊರತು ಮೇಲೇರಿರುವುದಿಲ್ಲ. ಪಂಪ್, ಫಿಲ್ಟರ್, ಎಂಜಿನ್ನೊಳಗಿನ ಆಯಿಲ್ ದಾರಿಯಾದ ಗ್ಯಾಲರಿ, ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಗಾಳಿ ತುರುಕುವ ಟರ್ಬೊಗೆ ಹೋಗುವ ಸಣ್ಣ ಪೈಪು ಎಲ್ಲದರಲ್ಲೂ ಗಾಳಿಯೇ ತುಂಬಿರುತ್ತದೆ. ಈ ದಾರಿಯಲ್ಲಿ ಆಯಿಲ್ ತಡವಾಗಿ ತಲುಪುವುದು ಟರ್ಬೊಗೆ. ಆಯಿಲ್ ಸಿಗದಿದ್ದರೆ ಬೇಗ ಹಾಳಾಗುವುದೂ ಅದೇ. ಓಡುವಾಗ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತಬಲ್ಲ ಅದರ ಶಾಫ್ಟು, ಕೂದಲಿಗಿಂತ ತೆಳುವಾದ ಆಯಿಲ್ ಪದರದ ಮೇಲೆ ತೇಲುತ್ತಿರುತ್ತದೆ. ಆದ್ದರಿಂದ ಎಂಜಿನ್ನಿಗೆ ಇಂಧನ ಕೊಡುವ ಮೊದಲೇ ಟರ್ಬೊ ಬಳಿ ಆಯಿಲ್ ಬಂದದ್ದನ್ನು ಕಣ್ಣಾರೆ ನೋಡಬೇಕು. ಡ್ಯಾಶ್‌ಬೋರ್ಡಿನ ಕೆಂಪು ದೀಪ ಆರಿದ್ದು ಇದಕ್ಕೆ ಸಾಕ್ಷಿಯಲ್ಲ. ಸಾಮಾನ್ಯವಾಗಿ ಅರ್ಧ ಬಾರ್ ಆಸುಪಾಸಿನ ಒತ್ತಡಕ್ಕೇ ಆರುವ ಆ ದೀಪಕ್ಕೆ ಗ್ಯಾಲರಿಯಿಂದಾಚೆಗಿನ ಸಂಗತಿ ತಿಳಿಯದು.

ಕರಾವಳಿಯಲ್ಲಿ ಇನ್ನೊಂದು ತೊಡಕಿದೆ. ಮಂಗಳೂರಿನ ಬೈಕಂಪಾಡಿಯಲ್ಲೋ ಮಣಿಪಾಲದ ಕೈಗಾರಿಕಾ ಪ್ರದೇಶದಲ್ಲೋ ಕಟ್ಟಿಸಿದ ಎಂಜಿನ್ನು, ಬಿಡಿಭಾಗವೊಂದು ಬಂದಿಲ್ಲವೆಂದೋ, ಶುಭವಲ್ಲವೆನ್ನುವ ತುಳು ತಿಂಗಳಾದ ಆಟಿ ಕಳೆದ ಮೇಲೆ ಗಾಡಿ ಇಳಿಸೋಣವೆಂಬ ಮನೆಯ ಹಿರಿಯರ ಮಾತಿಗೆ ಕಟ್ಟುಬಿದ್ದೋ, ಮಳೆಗಾಲವಿಡೀ ಮೂಲೆಯಲ್ಲಿ ಕೂರುವುದುಂಟು. ಬೇರಿಂಗಿಗೆ ಬರೀ ಎಂಜಿನ್ ಆಯಿಲ್ ಸವರಿ ಕಟ್ಟಿದ್ದರೆ ಅಷ್ಟರಲ್ಲಿ ಅದು ಇಳಿದುಹೋಗಿ, ತೇವದ ಗಾಳಿಗೆ ಸಿಲಿಂಡರ್ ಗೋಡೆ ತುಕ್ಕು ಹಿಡಿಯತೊಡಗುತ್ತದೆ. ಕೆಲಸ ತಡವಾಗುವ ಸೂಚನೆಯಿದ್ದರೆ ಬೇರಿಂಗಿಗೂ ಕ್ಯಾಮಿಗೂ ಅಂಟಿ ನಿಲ್ಲುವ ಅಸೆಂಬ್ಲಿ ಲ್ಯೂಬನ್ನೇ ಬಳಸಿ, ಎಲ್ಲ ಬಾಯಿಗಳನ್ನೂ ಮುಚ್ಚಿಡಬೇಕು.

ಆಯಿಲ್ ಪಂಪನ್ನು ಒಣಗಿದಂತೆಯೇ ಕೂರಿಸಬಾರದು. ಒಣ ಗೇರುಗಳು ಗಾಳಿಯನ್ನು ತಿರುಗಿಸುತ್ತವೆಯೇ ಹೊರತು ಆಯಿಲನ್ನು ಎಳೆಯಲಾರವು; ಜೋಡಿಸುವಾಗಲೇ ಅವುಗಳ ನಡುವೆ ಅಸೆಂಬ್ಲಿ ಲ್ಯೂಬ್ ಅಥವಾ ಆಯಿಲ್ ತುಂಬಬೇಕು. ಸಂಪಿನಿಂದ ಆಯಿಲ್ ಎಳೆಯುವ ಪಿಕಪ್ ಪೈಪಿನ ಒ-ರಿಂಗ್ (ರಬ್ಬರ್ ಉಂಗುರ) ಹೊಸದಾಗಿರಲಿ. ಫಿಲ್ಟರ್ ನೆಟ್ಟಗೆ ಕೂರುವಂಥದ್ದಾದರೆ ಅದಕ್ಕೂ ಆಯಿಲ್ ತುಂಬಿ ಕಟ್ಟುವುದು ಒಳ್ಳೆಯದು.

ಟರ್ಬೊ ಕೂರಿಸುವ ಮುನ್ನ ಅದರ ಪೈಪುಗಳನ್ನು ಪರೀಕ್ಷಿಸಬೇಕು. ಹಳೆಯ ಟರ್ಬೊ ಕೆಟ್ಟಿದ್ದರೆ, ಆಯಿಲ್ ಸುಟ್ಟು ಕಟ್ಟಿದ ಕರಿಯು ಆಯಿಲ್ ಪೈಪಿನಲ್ಲೂ ಅದನ್ನು ಬಿಗಿಯುವ ಟೊಳ್ಳು ಬ್ಯಾಂಜೊ ಬೋಲ್ಟಿನ ಸಣ್ಣ ತೂತಿನಲ್ಲೂ ಉಳಿದಿರುವ ಸಾಧ್ಯತೆ ಹೆಚ್ಚು. ಅದನ್ನು ತೊಳೆಯುವ ಸಾಹಸಕ್ಕಿಂತ ಪೈಪು, ಬೋಲ್ಟು ಎರಡನ್ನೂ ಬದಲಿಸುವುದೇ ಲೇಸೆಂದು ನನ್ನ ಅಭಿಪ್ರಾಯ. ಇಲ್ಲಿ ಸಿಲಿಕೋನ್ ಗ್ಯಾಸ್ಕೆಟ್ ಅಂಟು ಬಳಸಲೇಬಾರದು. ಕಿತ್ತು ಬಂದ ಒಂದು ಚೂರು ದಾರಿ ಕಟ್ಟಲು ಸಾಕು. ಆಯಿಲ್ ಸಂಪಿಗೆ ಹಿಂತಿರುಗುವುದು ಬರೀ ತನ್ನ ಭಾರದಿಂದ ಆದ್ದರಿಂದ ಹಿಂತಿರುಗುವ ಪೈಪು ಎಲ್ಲಿಯೂ ಮಡಚಿರಬಾರದು, ಮೇಲೇರಿರಲೂಬಾರದು. ಟರ್ಬೊ ಕೂರಿಸಿದ ಮೇಲೆ ಆಯಿಲ್ ಒಳಹೋಗುವ ತೂತಿಗೆ ಸಿರಿಂಜಿನಿಂದ ಶುದ್ಧ ಆಯಿಲ್ ಹಾಕಿ, ಗಾಳಿ ಎಳೆಯುವ ಕಡೆಯ ಚಕ್ರವನ್ನು ಬೆರಳಿನಿಂದ ಮೆಲ್ಲನೆ ತಿರುಗಿಸುತ್ತಿರಬೇಕು. ಆಯಿಲ್ ಪೈಪಿನ ಟರ್ಬೊ ಕಡೆಯ ತುದಿಯನ್ನು ಸದ್ಯಕ್ಕೆ ಕಟ್ಟದೆ ಒಂದು ಬಾಟಲಿಯೊಳಗೆ ಇಳಿಬಿಡಬೇಕು.

ಈಗ ಸೆಲ್ಫ್ ಹೊಡೆಯುವ, ಎಂದರೆ ಸ್ಟಾರ್ಟರ್ ಮೋಟಾರಿನಿಂದ ಎಂಜಿನ್ ತಿರುಗಿಸುವ ಸರದಿ. ಡೀಸೆಲ್ ಕಾರಾದರೆ ಇಂಜೆಕ್ಟರುಗಳ ಕನೆಕ್ಟರ್ ಬಿಡಿಸಿ ಗ್ಲೋ ಪ್ಲಗ್‌ಗಳನ್ನು ಕಳಚಬೇಕು. ಪೆಟ್ರೋಲ್ ಕಾರಾದರೆ ಫ್ಯೂಯೆಲ್ ಪಂಪಿನ ಫ್ಯೂಸ್ ತೆಗೆದು, ಇಗ್ನಿಷನ್ ಕಾಯಿಲ್‌ಗಳ ಕನೆಕ್ಟರ್ ಬಿಡಿಸಿ, ಸ್ಪಾರ್ಕ್ ಪ್ಲಗ್‌ಗಳನ್ನು ಕಳಚಬೇಕು. ಕಂಪ್ರೆಶನ್ ಇಲ್ಲದಿರುವುದರಿಂದ ಎಂಜಿನ್ ಹಗುರವಾಗಿ ತಿರುಗುತ್ತದೆ, ಹೊಸ ಬೇರಿಂಗಿನ ಮೇಲೆ ಹೊರೆ ಬೀಳುವುದಿಲ್ಲ. ಆ ಕೆಂಪು ದೀಪ ಉರಿಸುವ ಆಯಿಲ್ ಸ್ವಿಚ್ಚಿನ ಜಾಗದಲ್ಲಿ ಒತ್ತಡ ತೋರಿಸುವ ಮೆಕ್ಯಾನಿಕಲ್ ಗೇಜ್ ಕೂರಿಸಿ, ಪೂರ್ತಿ ಚಾರ್ಜಾದ ಬ್ಯಾಟರಿಯಿಂದ ಒಮ್ಮೆಗೆ 10ರಿಂದ 15 ಸೆಕೆಂಡು ಮಾತ್ರ ಸೆಲ್ಫ್ ಹೊಡೆದು, ಮೋಟಾರು ತಣಿಯಲು ಒಂದು ನಿಮಿಷ ಬಿಡಬೇಕು. ಬಾಟಲಿಯಲ್ಲಿಟ್ಟ ತುದಿ ಮೊದಲು ಬರೀ ಗಾಳಿ ಉಗುಳಿ, ಆಮೇಲೆ ನೊರೆನೊರೆಯಾಗಿ ಸಿಡಿದು, ಕೊನೆಗೆ ಗುಳ್ಳೆಯಿಲ್ಲದ ಧಾರೆಯಾಗಿ ಆಯಿಲ್ ಸುರಿಸತೊಡಗುತ್ತದೆ. ಆಗ ಹೊಸ ತಾಮ್ರದ ವಾಶರ್ ಹಾಕಿ ಪೈಪು ಬಿಗಿದು, ಹಿಂತಿರುಗುವ ಪೈಪನ್ನು ಟರ್ಬೊ ಕೆಳಗೆ ಸಡಿಲಿಸಿ, ಇನ್ನೊಮ್ಮೆ ಸೆಲ್ಫ್ ಹೊಡೆದು ಅಲ್ಲಿಯೂ ಆಯಿಲ್ ಬರುತ್ತಿದೆಯೇ ಎಂದು ನೋಡಬೇಕು. ನಾಲ್ಕೈದು ಸಲ ಹೊಡೆದರೂ ಗೇಜಿನ ಮುಳ್ಳು ಅಲುಗದಿದ್ದರೆ ಹಠ ಹಿಡಿಯದೆ ನಿಲ್ಲಿಸಿ, ಪಿಕಪ್ ಗಾಳಿ ಎಳೆಯುತ್ತಿದೆಯೇ, ಹೆಚ್ಚಾದ ಒತ್ತಡ ಬಿಡುವ ರಿಲೀಫ್ ವಾಲ್ವ್ ತೆರೆದೇ ಸಿಕ್ಕಿಕೊಂಡಿದೆಯೇ ಎಂದು ಹುಡುಕಬೇಕು.

ಕಂಪ್ರೆಸರ್ ಗಾಳಿಯಿಂದ, ಒತ್ತಡದ ಟ್ಯಾಂಕಿನ ಮೂಲಕ ಆಯಿಲ್ ಸ್ವಿಚ್ಚಿನ ತೂತಿನಲ್ಲಿ ಆಯಿಲ್ ಏರಿಸುವ ಕ್ರಮವೂ ಇದೆ. ಕ್ರ್ಯಾಂಕನ್ನು ಪಾನದಿಂದ (ಸ್ಪ್ಯಾನರಿನಿಂದ) ನಿಧಾನವಾಗಿ ತಿರುಗಿಸುತ್ತ ಹೀಗೆ ಮಾಡಿದರೆ ಎಲ್ಲ ಬೇರಿಂಗಿಗೂ ಚೆನ್ನಾಗಿ ತಲುಪುತ್ತದೆ. ಆದರೆ ಜುಲೈಯಲ್ಲಿ ಇಲ್ಲಿಯ ಯಾವ ಕಂಪ್ರೆಸರಿನ ಡ್ರೇನ್ ಕಾಕ್ ತೆರೆದರೂ ನೀರು ಸುರಿಯುತ್ತದೆ. ಅದನ್ನು ಬಸಿಯದೆ, ನೀರು ತಡೆಯುವ ಫಿಲ್ಟರ್ ಇಲ್ಲದೆ ಈ ಕ್ರಮಕ್ಕೆ ಕೈಹಾಕಬಾರದು.

ಗೇಜನ್ನು ಉಳಿಸಿಕೊಂಡು ಬಿಡಿಸಿದ್ದನ್ನೆಲ್ಲ ಮರಳಿ ಜೋಡಿಸಿ, ಇಳಿದ ಆಯಿಲ್ ಮಟ್ಟವನ್ನು ಸರಿಪಡಿಸಿ ಸ್ಟಾರ್ಟ್ ಮಾಡುವಾಗ ಆಕ್ಸಿಲರೇಟರ್ ಮುಟ್ಟಬಾರದು. ಕೆಲವೇ ಸೆಕೆಂಡಿನಲ್ಲಿ ಗೇಜಿನಲ್ಲಿ ಒತ್ತಡ ಕಾಣದಿದ್ದರೆ ಕೂಡಲೇ ಆಫ್ ಮಾಡಬೇಕು. ಬಿಸಿಯಾದ ಎಂಜಿನ್ನಿಗೆ ನಿಮಿಷಕ್ಕೆ ಸುತ್ತುವ ಪ್ರತಿ 1000 ಸುತ್ತಿಗೆ ಸುಮಾರು 0.7 ಬಾರ್ ಇರಬೇಕೆಂಬುದು ಗ್ಯಾರೇಜಿನ ಹಳೆಯ ಲೆಕ್ಕ. ಕಂಪೆನಿಯ ಮ್ಯಾನ್ಯುಯಲ್ ಸಿಕ್ಕಿದರೆ ಅದರದ್ದೇ ಅಂತಿಮ. ಟರ್ಬೊಗೆ ಹಾಕಿದ ಆಯಿಲ್ ಸುಡುವುದರಿಂದ ಮೊದಲ ಕೆಲವು ನಿಮಿಷ ಸೈಲೆನ್ಸರಿನಲ್ಲಿ ನೀಲಿ ಹೊಗೆ ಬರುವುದು ಸಹಜ. ಅದು ನಿಲ್ಲದಿದ್ದರೆ ಹಿಂತಿರುಗುವ ಪೈಪನ್ನೇ ಮೊದಲು ಶಂಕಿಸಬೇಕು.

ಸೋರಿಕೆ ನೋಡಿದ ಮೇಲೆ ತಾಸುಗಟ್ಟಲೆ ಐಡಲಿನಲ್ಲಿ ನಿಲ್ಲಿಸಬಾರದು, ಏಕೆಂದರೆ ಪಿಸ್ಟನ್ ರಿಂಗ್ ಸಿಲಿಂಡರ್ ಗೋಡೆಗೆ ಹೊಂದಿ ಕೂರಲು ಹದವಾದ ಹೊರೆ ಬೇಕು. ಉಡುಪಿಯಿಂದ ಕುಂದಾಪುರದತ್ತ ಹೆದ್ದಾರಿಯಲ್ಲಿ ವೇಗ ಏರಿಸಿ ಇಳಿಸುತ್ತ ಓಡಿಸಬಹುದು; ಶಿರಾಡಿ, ಆಗುಂಬೆ ಘಾಟಿಗಳನ್ನು ತುಂಬಿದ ಗಾಡಿಯೊಂದಿಗೆ ಹತ್ತುವುದನ್ನು ಮೊದಲ ಆಯಿಲ್ ಬದಲಾವಣೆಯವರೆಗೆ ಮುಂದೂಡಬೇಕು. ಆ ಬದಲಾವಣೆ 500 ಕಿಲೋಮೀಟರಿನೊಳಗೆ ಆಗಲಿ, ಮತ್ತು ಹಳೆಯ ಫಿಲ್ಟರನ್ನು ಎಸೆಯದೆ ಕತ್ತರಿಸಿ, ಕಾಗದದ ಮಡಿಕೆಗಳಲ್ಲಿ ಲೋಹದ ಚೂರುಗಳಿವೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು.