ಸೊಂಟದ ಕೀಲು ಬದಲಾವಣೆ: ಹಿಂಬದಿಯ ಹೊಲಿಗೆಯನ್ನು ನಾನು ಬಿಡುವುದಿಲ್ಲ

ಸೊಂಟದ ಕೀಲು ಬದಲಾಯಿಸಲು ನನ್ನ ಹತ್ತಿರ ಬರುವವರಲ್ಲಿ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ತೋಟದವರೇ ಹೆಚ್ಚು. "ಡಾಕ್ಟ್ರೇ, ಹಾಕಿದ್ದು ಮತ್ತೆ ಜಾರ್ಲಿಕ್ಕಿಲ್ಲ ಅಲ್ವಾ?" ಎಂದು ಕೇಳದವರು ಅಪರೂಪ. ಕೇಳಲೇಬೇಕಾದ ಪ್ರಶ್ನೆ ಅದು. ಉತ್ತರದ ದೊಡ್ಡ ಪಾಲು ನಮ್ಮ ಕೈಯಲ್ಲೇ ಇದೆ.

ನಾನು ಕೀಲಿಗೆ ಹಿಂಬದಿಯಿಂದ ಹೋಗುತ್ತೇನೆ. ಪಕ್ಕದಿಂದ ಹೋದರೆ ನಡೆಯುವಾಗ ಸೊಂಟವನ್ನು ನೇರ ಹಿಡಿಯುವ ಗ್ಲೂಟಿಯಸ್ ಮೀಡಿಯಸ್ ಸ್ನಾಯುವಿಗೆ ಪೆಟ್ಟಾಗಿ ಕುಂಟು ಉಳಿಯಬಹುದು. ಮುಂಬದಿಯಿಂದಾದರೆ ತೊಡೆಯ ಹೊರಮೈ ಜೋಮು ಹಿಡಿಯಬಹುದು. ಹಿಂಬದಿಯಲ್ಲಿ ಕಾಲಿಗೆ ಇಳಿಯುವ ದೊಡ್ಡ ನರವಾದ ಸಯಾಟಿಕ್ ನರವನ್ನು ಕಾಯಬೇಕು. ಅಲ್ಲದೆ ಪಿರಿಫಾರ್ಮಿಸ್ ಮೊದಲಾದ ಸಣ್ಣ ಸ್ನಾಯುಗಳನ್ನೂ ಕೀಲಿನ ಚೀಲವನ್ನೂ ಬಿಡಿಸದೆ ಒಳಗೆ ಹೋಗಲಾಗದು. ತೊಡೆಮೂಳೆಯ ತುದಿಗೆ ಹಾಕಿದ ಕೃತಕ ಚೆಂಡು ಹೊರಬೀಳುವುದು ನಾವು ತೆರೆದ ಅದೇ ಬಾಗಿಲಿನಿಂದ.

ಹಾಗಾಗಿ ಬಿಡಿಸುವಾಗಲೇ ಮುಚ್ಚುವ ಯೋಚನೆ ನನಗೆ. ಚೀಲವನ್ನು ಕತ್ತರಿಸಿ ಎಸೆಯುವುದಿಲ್ಲ. ಸ್ನಾಯುಗಳನ್ನು ಮೂಳೆಯ ಅಂಚಿನಲ್ಲೇ ಬಿಡಿಸಿ, ದಾರ ಹಾಕಿ ಪಕ್ಕಕ್ಕಿಡುತ್ತೇನೆ. ಕೊನೆಯಲ್ಲಿ ತೊಡೆಮೂಳೆಯ ಮೇಲ್ತುದಿಯ ಹೊರಬದಿಯ ಉಬ್ಬಾದ ಗ್ರೇಟರ್ ಟ್ರೊಕ್ಯಾಂಟರ್‌ಗೆ ಸಣ್ಣ ತೂತು ಕೊರೆದು, ಕರಗದ ದಾರವನ್ನು ಅದರ ಮೂಲಕ ಎಳೆದು, ಕಾಲನ್ನು ತುಸು ಹೊರಕ್ಕೆ ತಿರುಗಿಸಿ ಹಿಡಿದು ಗಂಟು ಹಾಕುತ್ತೇನೆ. ಎಲ್ಲರೂ ದಣಿದಿರುವ ಹೊತ್ತು ಅದು, ಆದರೂ ಅವಸರ ಮಾಡುವುದಿಲ್ಲ. ಹೀಗೆ ಹೊಲಿದರೆ ಜಾರುವ ಸಂಭವ ಬಹಳ ಇಳಿಯುತ್ತದೆ ಎಂಬುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡ ಮಾತು.

ಚೆಂಡು ಕೂರುವ ಕೃತಕ ಬಟ್ಟಲು ಓರೆಯಾಗಿ ಕೂತರೆ ಯಾವ ಹೊಲಿಗೆಯೂ ಉಳಿಸದು, ನಿಜ. 1978ರಲ್ಲಿ ಲೂವಿನೆಕ್ ಮತ್ತು ಜೊತೆಗಾರರು ಹೇಳಿದ ಅಳತೆ, ಅಂದರೆ 40 ಡಿಗ್ರಿ ಇಳಿಜಾರು, 15 ಡಿಗ್ರಿ ಮುಂದಕ್ಕೆ ತಿರುವು, ಎರಡಕ್ಕೂ 10 ಡಿಗ್ರಿ ಹೆಚ್ಚುಕಡಿಮೆ, ನಮಗೆಲ್ಲ ಬಾಯಿಪಾಠ. ಆದರೆ ಆ ಅಳತೆಯೊಳಗೆ ಕೂತ ಬಟ್ಟಲಿನಿಂದಲೂ ಚೆಂಡು ಜಾರಿದ್ದುಂಟು. ಮಗ್ಗುಲಾಗಿ ಮಲಗಿಸಿದವರ ಸೊಂಟ ವಾಲುವುದರಿಂದ ನಾನು ಮೂಳೆಯ ಬಟ್ಟಲಿನ ತಳದ ಅಡ್ಡ ಅಸ್ಥಿರಜ್ಜುವನ್ನೂ (ಗಟ್ಟಿ ನಾರಿನ ಪಟ್ಟಿ) ನೋಡಿ ಕೂರಿಸುತ್ತೇನೆ. ಹೊಲಿಯುವ ಮುಂಚೆ ಸೊಂಟವನ್ನು 90 ಡಿಗ್ರಿ ಮಡಚಿ ಕಾಲನ್ನು ಒಳಕ್ಕೆ ತಿರುಗಿಸಿ ಪರೀಕ್ಷಿಸುತ್ತೇನೆ. ಸಡಿಲ ಕಂಡರೆ ಚೆಂಡಿನ ಅಳತೆ ಬದಲು. ಅದರಿಂದ ಕಾಲು ಉದ್ದವಾಗದಂತೆ ಎಚ್ಚರ ಬೇಕು.

ಬೆನ್ನುಮೂಳೆ ಬೆಸೆದುಕೊಂಡು ಬಾಗದವರ ಲೆಕ್ಕ ಬೇರೆ. ಕೂತಾಗ ಅವರ ಸೊಂಟ ಹಿಂದಕ್ಕೆ ವಾಲದು, ಬಟ್ಟಲೂ ತೆರೆದುಕೊಳ್ಳದು, ಹಾಗಾಗಿ ಚೆಂಡು ಜಾರುವ ಭಯ ಹೆಚ್ಚು. ಅಂಥವರಿಗೆ ನಿಂತು, ಕೂತು ಎಕ್ಸ್‌ರೇ ತೆಗೆಸುತ್ತೇನೆ. ಬೇಕಾದರೆ ಡ್ಯುಯಲ್ ಮೊಬಿಲಿಟಿ ಬಟ್ಟಲು, ಅಂದರೆ ಎರಡು ಕಡೆ ತಿರುಗುವ ಬಟ್ಟಲು ಹಾಕುತ್ತೇನೆ.

ಮನೆಗೆ ಕಳಿಸುವಾಗ ತಗ್ಗು ಜಗಲಿಯನ್ನೇ ಹೆಚ್ಚು ಎಚ್ಚರಿಸುವುದು. ಅದರಿಂದ ಮುಂದಕ್ಕೆ ಬಾಗಿ, ಮಂಡಿ ಒಳಕ್ಕೆ ತಿರುಗಿಸಿ ಏಳುವುದು ಹೊಸ ಹೊಲಿಗೆಗೆ ಅಪಾಯ. ಅಂಗಾಂಶ ಕೂಡುವ ತನಕ ಎತ್ತರದ ಕುರ್ಚಿ, ಕೈ ಊರಿ ಏಳುವುದು.